ಟಾರ್ಪಾಲಪ್ಪನ ಕೋಟು

ಮಗಳು ಮತ್ತೆ ನೆನೆದು ಬಂದಳು. ಟಾರ್ಪಾಲಪ್ಪ ಅವಳ ಮುಖವನ್ನೂ ನೋಡದೆ ಸೀದಾ ಕೋಟಿನೊಳಗೆ ಕೈ ಹಾಕಿದ. ಒಳಗೆಲ್ಲ ತೊಯ್ದು ತೊಪ್ಪೆಯಾಗಿತ್ತು.

"ಎಲ್ಲಿಂದ ಬರ್ತಿದೆ ಈ ನೀರು?"

"ಗೊತ್ತಿಲ್ಲಪ್ಪ," ಎಂದು ಅವಳು ಬಚ್ಚಲಿಗೆ ನಡೆದಳು. ಅಲ್ಲಿಂದ ಒಂದು ಕೆಮ್ಮು ಕೇಳಿಸಿತು. ಅಡುಗೆಮನೆಯಲ್ಲಿ ಹೆಂಡತಿಯ ಕೈ ನಿಂತಿತು. ಕಳೆದ ಮಳೆಗಾಲದಲ್ಲಿ ಇಂಥದ್ದೇ ಕೆಮ್ಮು ನ್ಯುಮೋನಿಯಾಕ್ಕೆ ತಿರುಗಿ ಹುಡುಗಿ ಸಾವಿನ ಬಾಯಿಂದ ಬಚಾವಾಗಿ ಬಂದಿದ್ದಳು. ಇನ್ನೊಮ್ಮೆ ಎದೆಗೆ ಥಂಡಿ ಹಿಡಿದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬೇಕರಿ ಕೆಲಸ ಬಿಡು ಎಂದರೆ ಇವಳು ಕೇಳಬೇಕಲ್ಲ. ಸೈಕಲ್ಲಿನ ಹಿಂದೆ ಬ್ರೆಡ್ಡಿನ ಪೆಟ್ಟಿಗೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ಗುಡ್ಡದ ಮೇಲಿನ ಮನೆಗಳಿಗೆ ಹೊರಡುವವಳೇ. ಹಠದಲ್ಲಿ ಅಪ್ಪನಿಗೆ ತಕ್ಕ ಮಗಳು.

ಅಪ್ಪನ ಕಸುಬು ಲಾರಿಗಳಿಗೆ ಟಾರ್ಪಾಲು ಹೊಲಿಯುವುದು. ಆ ಅಡ್ಡಹೆಸರು ಅಂಟಿಕೊಂಡದ್ದೂ ಅದರಿಂದಲೇ. ಅವನ ಟಾರ್ಪಾಲಿನ ಕೆಳಗೆ ಸಿಮೆಂಟು ಮೂಟೆ ಎಂಥ ಜಡಿಮಳೆಯಲ್ಲೂ ಬೆಚ್ಚಗೆ ಮಲಗಿರುತ್ತದೆ ಎಂದು ಡ್ರೈವರುಗಳು ಹೊಗಳುತ್ತಿದ್ದರು. ಅಂಥವನ ಮಗಳು ನೆನೆದು ಮನೆಗೆ ಬರುವುದೆಂದರೆ ನಾಲ್ಕು ಜನರೆದುರು ಕಪಾಳಕ್ಕೆ ಬಾರಿಸಿದ ಹಾಗೆಯೇ ಸರಿ.

ದಪ್ಪ ಕ್ಯಾನ್‌ವಾಸು ತಂದು ಕೋಟನ್ನು ತಾನೇ ಹೊಲಿದಿದ್ದ. ಜೇನುಮೇಣ ಕರಗಿಸಿ, ಎಣ್ಣೆ ಬೆರೆಸಿ, ಬ್ರಷ್ಷಿನಲ್ಲಿ ಬಳಿದು, ಬಟ್ಟೆ ಅದನ್ನು ಕುಡಿಯುವವರೆಗೂ ಇಸ್ತ್ರಿಪೆಟ್ಟಿಗೆ ಆಡಿಸಿದ್ದ. ಮೊದಲ ಸಲ ಅವಳು ನೆನೆದು ಬಂದಾಗ ಹೊಲಿಗೆಯ ಮೇಲೆ ಅನುಮಾನ ಬಂದು ಒಂದೊಂದು ಸೂಜಿತೂತಿಗೂ ಮೇಣ ತುಂಬಿದ. ಮುಂದಿನ ಸಲ ಜಿಪ್ಪಿನ ಮೇಲೊಂದು ಪಟ್ಟಿ ಕೂರಿಸಿದ. ಅಲ್ಲೂ ಅಲ್ಲ ಎಂದಾದ ಮೇಲೆ ಕಾಲರು, ತೋಳಿನ ತುದಿ, ಕೊನೆಗೆ ಇಡೀ ಕೋಟಿಗೆ ಇನ್ನೊಂದು ಸುತ್ತು ಮೇಣ. ಈಗ ಗೋಡೆಗೆ ಒರಗಿಸಿದರೆ ಕೋಟು ತಾನೇ ನಿಲ್ಲುತ್ತಿತ್ತು.

"ಹಾಲಿನ ಪಾತ್ರೆ ಹಾಳಾಯ್ತು, ಇಸ್ತ್ರಿಪೆಟ್ಟಿಗೆ ಹಾಳಾಯ್ತು," ಎಂದಳು ಹೆಂಡತಿ. "ಅಂಗಡಿಯಿಂದ ಒಂದು ರೇನ್‌ಕೋಟು ತಂದ್ಕೊಡ್ರೀ ಅತ್ಲಾಗೆ."

"ಅಂಗಡೀದು ತರೋಕೆ ನಾನಿನ್ನೂ ಸತ್ತಿಲ್ಲ. ಸುಮ್ನೆ ಒಂದು ಬಕೆಟ್ ನೀರು ತಾ."

ಇಬ್ಬರೂ ಕೋಟನ್ನು ಜೋಳಿಗೆಯಂತೆ ಹಿಡಿದು ಒಳಗೆ ನೀರು ಸುರಿದರು. ಎಷ್ಟು ಹೊತ್ತಾದರೂ ಒಂದು ತೊಟ್ಟು ಕೆಳಗೆ ಬೀಳಲಿಲ್ಲ. ಟಾರ್ಪಾಲಪ್ಪನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಲ್ಲಿ ಸೋರದ ದರಿದ್ರ ಕೋಟು ಅಲ್ಲಿ ಹೇಗೆ ಸೋರುತ್ತದೆ? ಸೋರಿದ್ದರೆ ಎಷ್ಟೋ ನೆಮ್ಮದಿಯಿತ್ತು, ತೂತು ಸಿಕ್ಕಿದರೆ ಮುಚ್ಚಬಹುದಿತ್ತು.

ಕಣ್ಣಾರೆ ನೋಡಿಯೇ ಬಿಡುತ್ತೇನೆಂದು ಮಾರನೆಯ ಬೆಳಿಗ್ಗೆ, ಮಳೆ ಹಿಡಿದುಕೊಂಡ ಕೂಡಲೇ, ಛತ್ರಿ ಬಿಚ್ಚಿಕೊಂಡು ಗುಡ್ಡದ ಅರ್ಧಕ್ಕಿರುವ ಬಸ್‌ಸ್ಟಾಪಿನಲ್ಲಿ ಹೋಗಿ ನಿಂತ. ತುಸು ಹೊತ್ತಿಗೆ ತಿರುವಿನಲ್ಲಿ ಸೈಕಲ್ಲು ಕಾಣಿಸಿತು. ಮಗಳು ಏದುಸಿರು ಬಿಡುತ್ತ ಪೆಡಲು ತುಳಿಯುತ್ತಿದ್ದಳು. ಮೈಮೇಲೆ ಬರೀ ಅಂಗಿ, ಅದೂ ಬೆನ್ನಿಗೆ ಅಂಟಿಕೊಂಡಿತ್ತು. ಕೋಟು ಹಿಂದೆ ಬ್ರೆಡ್ಡಿನ ಪೆಟ್ಟಿಗೆಯ ಮೇಲಿತ್ತು. ಜಿಪ್ಪು ಎಳೆದು, ಪಟ್ಟಿ ಮುಚ್ಚಿ, ತೋಳೆರಡನ್ನೂ ಕೆಳಗೆ ಗಂಟು ಹಾಕಿ, ಅಪ್ಪ ಲಾರಿಗೆ ಕಟ್ಟುವಷ್ಟೇ ಅಚ್ಚುಕಟ್ಟಾಗಿ ಕಟ್ಟಿದ್ದಳು.

ಅಪ್ಪನನ್ನು ಕಂಡು ಅವಳ ಬ್ರೇಕು ಕಿರುಗುಟ್ಟಿತು.

"ತಲೆಗಿಲೆ ಕೆಟ್ಟಿದೆಯಾ ನಿನಗೆ?" ಎಂದ ಅವನು. ಸಿಟ್ಟಿಗೆ ಮಾತು ತೊದಲಿತು. "ಬ್ರೆಡ್ಡಿಗೆ ಹೊಲಿದ್ನಾ ನಾನು ಅದನ್ನ?"

ಅವಳು ಮುಖ ಒರೆಸಿಕೊಂಡಳು. "ಮೊದಮೊದಲು ಹಾಕ್ಕೊಂಡೇ ಹತ್ತುತಿದ್ದೆ ಅಪ್ಪ. ಹತ್ತೋ ಅಷ್ಟರಲ್ಲಿ ಒಳಗೆ ಬೆವರು ಧಾರೆಧಾರೆ. ಗಾಳಿನೇ ಆಡಲ್ಲ ಅದರಲ್ಲಿ, ಉಸಿರು ಕಟ್ಟುತ್ತೆ. ನೀನು ಮೇಣ ಹಚ್ಚಿದಷ್ಟೂ ಜಾಸ್ತಿ ಆಯ್ತು. ಹಾಕ್ಕೊಂಡ್ರೆ ಒಳಗಿಂದ ನೆನೀತೀನಿ, ಬಿಚ್ಚಿದ್ರೆ ಹೊರಗಿಂದ. ಹೊರಗಿಂದಾದ್ರೆ ಉಸಿರಾದ್ರೂ ಆಡುತ್ತೆ. ಮನೆ ಹತ್ರ ಬಂದಾಗ ಮತ್ತೆ ಹಾಕ್ಕೋತೀನಿ."

"ಇದನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಹೇಗೆ ಹೇಳ್ಲಿ? ರಜಾ ಬಂದ್ರೆ ಸಾಕು, ನೀನು ಅದನ್ನ ಮಡಿಲಲ್ಲಿ ಹಾಕ್ಕೊಂಡು ಮೇಣ ಹಚ್ತಾ ಕೂತಿರ್ತಿದ್ದೆ." ಅವಳು ಕೆಮ್ಮಿದಳು. ಆಮೇಲೆ ಸಮಾಧಾನ ಹೇಳುವವಳ ಹಾಗೆ ಅಂದಳು, "ಬ್ರೆಡ್ಡು ಒಂದಿಷ್ಟೂ ನೆನೆದಿಲ್ಲ ನೋಡು."

ಟಾರ್ಪಾಲಪ್ಪ ಛತ್ರಿಯನ್ನು ಅವಳ ತಲೆಯ ಮೇಲೆ ಹಿಡಿದು, ಮಿಕ್ಕ ದಾರಿಯುದ್ದಕ್ಕೂ ಸೈಕಲ್ಲಿನ ಪಕ್ಕದಲ್ಲೇ ನಡೆದ. ಬೈಯಬೇಕೆಂದು ಬಾಯಿ ತೆರೆದಾಗಲೆಲ್ಲ ಬೈಗುಳ ತನಗೇ ತಾಗುತ್ತಿತ್ತು. ಎಲ್ಲ ಮನೆಗಳಿಗೂ ಬ್ರೆಡ್ಡು ಬೆಚ್ಚಗೆ ತಲುಪಿತು, ಅದನ್ನು ನೋಡಿ ಅವನಿಗೆ ಹೊಟ್ಟೆ ಉರಿಯಿತು.

ಮನೆಗೆ ಬಂದವನೇ ದೊಡ್ಡ ಕತ್ತರಿ ತೆಗೆದು ಕೋಟನ್ನು ಮೇಜಿನ ಮೇಲೆ ಹರಡಿದ. ಕತ್ತರಿಯ ಬಾಯನ್ನು ಕಂಕುಳಿನ ಹೊಲಿಗೆಗೆ ಇಟ್ಟ. ಕೈ ಮುಂದಕ್ಕೆ ಹೋಗಲಿಲ್ಲ. ಇಷ್ಟು ವರ್ಷ ಸೂಜಿತೂತನ್ನೂ ಕಳ್ಳನಂತೆ ಕಂಡ ಕೈ ಅದು. ಬಚ್ಚಲಿನಿಂದ ಮತ್ತೆ ಕೆಮ್ಮು ಕೇಳಿಸಿತು. ಹಲ್ಲು ಕಚ್ಚಿ ಕತ್ತರಿಸಿದ.

ಹೆಂಡತಿ ಓಡಿ ಬಂದಳು. "ಇದೇನ್ರೀ, ನೀವೇ ತೂತು ಮಾಡ್ತಿದ್ದೀರಾ? ನೀರು ಬರಲ್ವಾ?"

"ಬರುತ್ತೆ, ಸ್ವಲ್ಪ ಬರುತ್ತೆ," ಎಂದ ಅವನು, ಇನ್ನೊಂದು ಕಂಕುಳಿಗೆ ಕತ್ತರಿ ಇಡುತ್ತ. "ಸಿಮೆಂಟು ಮೂಟೆ ಉಸಿರಾಡಲ್ಲ ಕಣೇ. ಇವಳು ಆಡಬೇಕಲ್ಲ."