ಹೆಬ್ಬೆಟ್ಟಿಲ್ಲದ ಗುರುತು

ಹುಟ್ಟಿದ ದಿನವೇ ನನ್ನ ಹೊಟ್ಟೆಗೆ ಸೂಜಿ ಚುಚ್ಚಿದರು. ಗಾಳಿ ತುಂಬುವುದಕ್ಕಂತೆ! ಜಲಂಧರದ ಕಾರ್ಖಾನೆಯಲ್ಲಿ ರಬ್ಬರು ಬೇಯಿಸಿ ನನ್ನನ್ನು ಬ್ಯಾಸ್ಕೆಟ್‌ಬಾಲ್ ಮಾಡಿದವರು, ಕೊನೆಗೆ ನೆಲಕ್ಕೆ ಕುಕ್ಕಿ, ಇದು ಪುಟಿಯುತ್ತದೋ ಇಲ್ಲವೋ ಎಂದು ಅನುಮಾನದಿಂದ ನೋಡಿದರು. ಅಂದಿನಿಂದ ನನಗೂ ಅದೇ ಬುದ್ಧಿ. ಯಾರ ಕೈಯನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ.

ಬಂದು ಬಿದ್ದದ್ದು ಮಂಡ್ಯದ ಒಂದು ಹೆಣ್ಣುಮಕ್ಕಳ ಕಾಲೇಜಿಗೆ. ಅಲ್ಲಿನ ಸಿಮೆಂಟು ಅಂಗಳ ಎರಡೇ ತಿಂಗಳಲ್ಲಿ ನನ್ನ ಮೈಯನ್ನು ಉಜ್ಜಿ ನುಣುಪು ಮಾಡಿತು. ಆಟ ಕಲಿಸುತ್ತಿದ್ದವರು ವನಜಾಕ್ಷಿ ಮೇಡಂ. ಕೊರಳಲ್ಲಿ ಸೀಟಿ, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. ಚುಚ್ಚುವ ಮುಂಚೆ ಸೂಜಿಗೆ ಎಂಜಲು ಹಚ್ಚುತ್ತಿದ್ದರಾದ್ದರಿಂದ ಅವರನ್ನು ಅರೆಮನಸ್ಸಿನಿಂದ ನಂಬಿದ್ದೆ.

ಬುಟ್ಟಿಯ ಬುಡದಲ್ಲಿ ನಿಂತು ಆಡುವವರಿಗೆ ಪೋಸ್ಟ್ ಎನ್ನುತ್ತಾರೆ. ನಮ್ಮ ತಂಡದಲ್ಲಿ ಇಬ್ಬರು ಎತ್ತರದ ಪೋಸ್ಟ್‌ಗಳಿದ್ದರು. ಬಿಂದುಶ್ರೀ ನನ್ನನ್ನು ಎರಡೂ ಕೈಯಿಂದ ತಬ್ಬಿ ಹಿಡಿಯುವಳು. ದಾಕ್ಷಾಯಿಣಿ ಹಾಗಲ್ಲ. ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು ನಾನು ಕೆಳಗೆ ಬರುತ್ತಿದ್ದ ಹಾಗೆ ಎಲ್ಲರಿಗಿಂತ ಮೇಲೆ ಜಿಗಿದು, ಪಟ್ ಎಂದು ಬಿಂದುವಿನ ಕಡೆಗೆ ತಟ್ಟಿಬಿಡುವಳು. ಹಿಡಿಯುವುದೇ ಇಲ್ಲ! ನನ್ನನ್ನು ಕಂಡರೆ ಇವಳಿಗೆ ಅಸಹ್ಯ ಎಂದೇ ನಾನು ತೀರ್ಮಾನಿಸಿದ್ದೆ. ಮನಸ್ಸಿಗೆ ಬಹಳ ನೋವಾಗುತ್ತಿತ್ತು.

ಆ ವರ್ಷ ಯೂನಿವರ್ಸಿಟಿ ತಂಡದ ಆಯ್ಕೆಗೆ ಕಾಲೇಜಿನಿಂದ ಒಬ್ಬಳೇ ಪೋಸ್ಟ್‌ನ ಹೆಸರು ಕಳಿಸಬೇಕಾಗಿತ್ತು. ಇಬ್ಬರಿಗೂ ಅದು ಕೊನೆಯ ವರ್ಷ. ಮೇಡಂ ಸ್ಕೋರ್ ಪುಸ್ತಕ ಬಿಡಿಸಿದರು. ಬಳೆಗೆ ಬಡಿದು ಬಂದ ಚೆಂಡನ್ನು ಹಿಡಿದದ್ದು, ಪಂದ್ಯಕ್ಕೆ ಬಿಂದು ಹನ್ನೊಂದು, ದಾಕ್ಷಾಯಿಣಿ ಮೂರು. ಇನ್ನೇನು ಯೋಚನೆ? ಆದರೆ ದಾಕ್ಷಾಯಿಣಿಗೆ ಜ್ವರ ಬಂದು ಆಡದಿದ್ದ ಪಂದ್ಯದಲ್ಲಿ ಬಿಂದು ಹಿಡಿದದ್ದು ನಾಲ್ಕೇ. ಮೇಡಂ ಹುಬ್ಬು ಗಂಟಿಕ್ಕಿದರು. ಪುಸ್ತಕ ಬರೆಯುವ ಕುಸುಮಾ, ಹಾಸ್ಟೆಲಿನಲ್ಲಿ ಬಿಂದುವಿನ ರೂಮಿನವಳು ಬೇರೆ.

"ಏನಮ್ಮಿ, ಫ್ರೆಂಡು ಅಂತ ಜಾಸ್ತಿ ಬರ್ದಿದ್ದೀಯಾ?"

"ಅಯ್ಯೋ, ಇಲ್ಲ ಮೇಡಂ! ಬಾಲು ಯಾರ ಕೈಗ್ ಬತ್ತದೋ ಅವ್ರ ಹೆಸ್ರೇ ಬರ್ಯೋದು. ತಟ್ಟಿದ್ದನ್ನ ಬರ್ಯಾಕೆ ಪುಸ್ತಕ್ದಲ್ಲಿ ಕಾಲಮ್ಮೇ ಇಲ್ವಲ್ಲ."

ಮೇಡಂ ನಂಬಲಿಲ್ಲ. ಮರುದಿನ ಬೆಳಿಗ್ಗೆ ಕಾಲೇಜಿನ ರಂಗೋಲಿ ಸ್ಪರ್ಧೆಯಲ್ಲಿ ಉಳಿದಿದ್ದ ಪುಡಿಯ ಡಬ್ಬಗಳನ್ನು ಅಂಗಳಕ್ಕೆ ತಂದರು. ದಾಕ್ಷಾಯಿಣಿಯ ಕೈಗೆ ಬಿಳಿ, ಬಿಂದುವಿನ ಕೈಗೆ ನೀಲಿ.

"ಇದೇನ್ ಮೇಡಂ, ಹೋಳಿ ಹಬ್ಬಾನಾ?" ಎಂದು ಹುಡುಗಿಯರು ನಕ್ಕರು.

"ಬಾಯ್ ಮುಚ್ಕಂಡು ಆಡ್ರಿ."

ಒಬ್ಬಳು ನನ್ನನ್ನು ಬೇಕೆಂದೇ ಬಳೆಗೆ ಬಡಿಯುವಂತೆ ಎಸೆಯಬೇಕು, ಇವರಿಬ್ಬರೂ ಒಂದೇ ಕಡೆ ಆಡುತ್ತಾ ಎದುರಾಳಿಗಳಿಂದ ಉಳಿಸಿಕೊಳ್ಳಬೇಕು. ಪ್ರತಿ ಸಲವೂ ಮೇಡಂ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ ಕೊಡುತ್ತಿದ್ದರು; ಆದರೂ ಗೆರೆಗಳ ಸಂದಿಯಲ್ಲಿ ಪುಡಿ ಒಂದಿಷ್ಟು ಉಳಿಯುತ್ತಿತ್ತು. ಹತ್ತು ಸಲ ಎಸೆದರು. ಎಂಟು ಸಲ ನೀಲಿಯ ಅಡಿಯಲ್ಲಿ ಬಿಳಿ ಇತ್ತು. ಮೊದಲು ಮುಟ್ಟಿದ್ದು ದಾಕ್ಷಾಯಿಣಿಯೇ!

ಮೇಡಂ ಮುಖ ಅರಳಿತು. ಆದರೆ ನನ್ನನ್ನು ಕೆಳಗಿಡಲಿಲ್ಲ. ಬಿಳಿ ಗುರುತಿನ ಮೇಲೆ ತಮ್ಮ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ನಾಲ್ಕೇ ಇದ್ದವು.

"ದಾಕ್ಷಾಯಿಣಿ, ಬಾ ಇಲ್ಲಿ. ಬಲಗೈ ತೋರ್ಸು."

ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಮೇಡಂ ಎಳೆದು ನೋಡಿದರೆ ಹೆಬ್ಬೆಟ್ಟಿನ ಬುಡ ಬದನೆಕಾಯಿಯ ಹಾಗೆ ಊದಿತ್ತು. ಎರಡು ತಿಂಗಳ ಹಿಂದೆ, ಮೊದಲ ಪಂದ್ಯಕ್ಕೂ ಮುಂಚೆ, ಅಭ್ಯಾಸದಲ್ಲಿ ಉಳುಕಿದ್ದಂತೆ. ಹೇಳಿದರೆ ತಂಡದಿಂದ ತೆಗೆಯುತ್ತಾರೆಂದು ಬಾಯಿ ಬಿಟ್ಟಿರಲಿಲ್ಲ.

"ನಂಗೊತ್ತಿತ್ತು ಮೇಡಂ," ಎಂದು ಬಿಂದು ತಲೆ ತಗ್ಗಿಸಿದಳು. "ಯಾರ್ಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕಂಡಿದ್ಲು. ಹಿಡ್ಯಕ್ಕಾಗಲ್ಲ, ನಿನ್ ಕಡೆ ತಳ್ತೀನಿ, ನೀ ಹಿಡ್ಕೋ ಅಂದ್ಲು."

ನನಗೆ ಹೊಟ್ಟೆಯ ಗಾಳಿಯೆಲ್ಲ ಹೋದ ಹಾಗಾಯಿತು. ಇವಳಿಗೆ ನನ್ನನ್ನು ಕಂಡರೆ ಅಸಹ್ಯ ಎಂದುಕೊಂಡಿದ್ದೆ. ಆ ಪ್ರತಿ ಏಟೂ ಅವಳಿಗೆ ನನಗಿಂತ ಹೆಚ್ಚು ನೋಯುತ್ತಿತ್ತು.

"ನಿನ್ ಹೆಸ್ರೇ ಬರೀಬೇಕಿತ್ತು ಕಣೇ," ಎಂದರು ಮೇಡಂ. "ಈ ಕೈಲಿ ಹೆಂಗೆ ಕಳಿಸ್ಲಿ?" ಅವಳನ್ನು ಅಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆರು ವಾರ ಪಟ್ಟಿ. ಆಯ್ಕೆಗೆ ಬಿಂದು ಹೋದಳು, ಮೂರನೆಯ ದಿನವೇ ವಾಪಸು ಬಂದಳು. ಅಲ್ಲಿ ಅವಳ ಕಡೆಗೆ ತಟ್ಟಿಕೊಡುವವರು ಇರಲಿಲ್ಲ.

ಎಷ್ಟೋ ವರ್ಷಗಳಾದವು. ಈಗ ನನ್ನ ಮೈ ಬಿರಿದಿದೆ, ಗಾಳಿ ನಿಲ್ಲುವುದಿಲ್ಲ. ಆಟದ ಸಾಮಾನಿನ ಕೋಣೆಯ ಕಬ್ಬಿಣದ ಬೀರುವಿನಲ್ಲಿದ್ದೇನೆ. ಪಕ್ಕದಲ್ಲೇ ಆ ಹಳೆಯ ಪುಸ್ತಕ ಕೂತಿದೆ. ಹನ್ನೊಂದು, ಮೂರು ಎಂದು ಈಗಲೂ ಅದೇ ಹಾಡು. ಅದನ್ನು ಓದಿದವರು ನಂಬಿಯೇ ನಂಬುತ್ತಾರೆ ಎಂದು ನನಗೆ ಸಂಕಟ.

ಮೊನ್ನೆ ಕೋಣೆ ಶುಚಿ ಮಾಡುತ್ತಿದ್ದ ಹೊಸ ಹುಡುಗಿಯೊಬ್ಬಳು ಒದ್ದೆ ಬಟ್ಟೆ ಹಿಡಿದು ನನ್ನ ಹತ್ತಿರ ಬಂದಳು. "ಗೆರೆಲೆಲ್ಲ ಬಿಳೀ ಪುಡಿ ಐತಲ್ಲ ಮೇಡಂ, ಒರ್ಸ್ಬಿಡ್ಲಾ?"

ನನಗೆ ಜೀವ ಹೋದಂತಾಯಿತು.

ಈಗ ಆಟ ಕಲಿಸುವ ಮೇಡಂ ತಿರುಗಿ ನೋಡಿ, ನನ್ನನ್ನು ಅವಳ ಕೈಯಿಂದ ತೆಗೆದುಕೊಂಡರು. ಎರಡೂ ಕೈಯಿಂದ. ಬಲಗೈಯ ಹೆಬ್ಬೆಟ್ಟು ಮಾತ್ರ ಬಾಗದೆ ನೆಟ್ಟಗೆ ನಿಂತಿತ್ತು.

"ಬ್ಯಾಡ ಕಣವ್ವ," ಎಂದಳು ದಾಕ್ಷಾಯಿಣಿ. "ಅದು ಹಂಗೇ ಇರ್ಲಿ."