ಮಾಜಿ ಸೈನಿಕ ಅಲ್ಲಾಬಕ್ಷ

"ಆ ಸ್ಕ್ರೂಗ ಕೈ ಹಚ್ಚಬ್ಯಾಡ ಚಾಚಾ."

ನಜಮುನ್ನೀಸಾ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವಳ ಚಾಚಾ, ಅಪ್ಪನ ತಮ್ಮ ರಾಜೇಸಾಬ ಸ್ಟೂಲ್ ಹತ್ತಿ, ಚೌಕಟ್ಟಿನ ಮೇಲಿದ್ದ ತಗಡಿನ ಬೋರ್ಡು ಬಿಚ್ಚುತ್ತಿದ್ದ. ಒಂದು ಸ್ಕ್ರೂ ಆಗಲೇ ಅವನ ಹಲ್ಲಿನ ನಡುವೆ ಇತ್ತು. ಕಂಕುಳಲ್ಲಿ ಹೊಸ ಬೋರ್ಡು: ಕೆಂಪು ಬಣ್ಣದ ಮೇಲೆ ಹಳದಿ ಅಕ್ಷರದಲ್ಲಿ ‘ವೀರ ಜವಾನ್ ಅಲ್ಲಾಬಕ್ಷ’, ಮೂಲೆಯಲ್ಲೊಂದು ಟ್ಯಾಂಕು, ಟ್ಯಾಂಕಿಗಿಂತ ದೊಡ್ಡ ಬೆಂಕಿ. ರಾಜೇಸಾಬ ದಾದರಿನ ಒಂದು ಟಾಕೀಸಿನಲ್ಲಿ ಗೇಟ್‌ಕೀಪರ್. ಬೋರ್ಡು ಬರೆದವನು ಅಲ್ಲಿಯ ಪೋಸ್ಟರ್ ಪೇಂಟರ್. ಸತ್ತ ಅಣ್ಣನ ಮುಖವನ್ನೂ ಬರೆಸಿದ್ದ. ತುಟಿ ಮಾತ್ರ ಆ ವಾರದ ಹೀರೋಯಿನ್ನಿನದಾಗಿತ್ತು.

"ಅಕ್ಬರಬಿ ಘಾಟ್ಕೋಪರ್ ಬಿಟ್ಟು ಆಗಲೇ ತಾಸಾತು. ಬಂದು ಈ ಹಳೇ ಬೋರ್ಡ್ ನೋಡಿದ್ರ ಕಥಿ ಖತಂ," ಎಂದ ರಾಜೇಸಾಬ.

"ಆಕಿಗೆ ನೀ ಏನ್ ಹೇಳೀದಿ?"

"ನಮ್ಮಣ್ಣ ಪಾಕಿಸ್ತಾನದ ಟ್ಯಾಂಕ್ ಉಡಾಯ್ಸ್ಯಾನ ಅಂತ ಹೇಳೇನಿ."

"ಎಷ್ಟು ಟ್ಯಾಂಕು?"

"ಒಂದು." ರಾಜೇಸಾಬ ಬಾಯಿಂದ ಸ್ಕ್ರೂ ತೆಗೆದ. "ಆಕಿ ನಂಬಿದ್ಲು. ಅದಕ್ಕ ಇನ್ನೆರಡು ಹಚ್ಚಿದೆ."

ಅಂದು ಅಲ್ಲಾಬಕ್ಷ ಸತ್ತ ನಲವತ್ತನೇ ದಿನದ ಫಾತಿಹಾ. ಅಕ್ಬರಬಿಯ ಮಗ ಮುರ್ತುಜಾನಿಗೆ ನಜಮುನ್ನೀಸಾಳನ್ನು ಕೊಡುವ ಮಾತು ಅಲ್ಲಾಬಕ್ಷ ಇದ್ದಾಗಲೇ ಆಗಿತ್ತು. ಈಗ ಹೆಣ್ಣಿಗೆ ಅಪ್ಪನಿಲ್ಲ, ಅವ್ವ ಮೊದಲೇ ಇಲ್ಲ. ಅಕ್ಬರಬಿ ಫಾತಿಹಾದ ಊಟ ಮಾಡಿ, ನಿಕಾಹದ ತಾರೀಖು ಹೇಳಿ ಹೋಗಬೇಕಿತ್ತು. ಇಲ್ಲವೇ ಹೇಳದೆ ಹೋಗಬೇಕಿತ್ತು.

ಮುದ್ದೇಬಿಹಾಳ ಕಡೆಯ ಅಲ್ಲಾಬಕ್ಷ ಫೌಜಿನಲ್ಲಿ ಓಡಿಸಿದ್ದು ರೇಷನ್ ಲಾರಿ. ಅರವತ್ತೈದರ ಯುದ್ಧದಲ್ಲಿ ಅವನು ಗಡಿಗೆ ಗೋಧಿಹಿಟ್ಟು, ಬೇಳೆ, ಉಳ್ಳಾಗಡ್ಡಿ ಒಯ್ದ. ಬರುವಾಗ ಗಾಯವಾದವರನ್ನು ಅದೇ ಲಾರಿಯಲ್ಲಿ ತಂದ. ಮರುವರ್ಷ ಆಂಟಾಪ್ ಹಿಲ್‌ನ ಈ ಖೋಲಿಯಲ್ಲಿ ಹೆಂಡತಿ ಜೈತುನಬಿ ಕಾಮಾಲೆಯಿಂದ ತೀರಿಕೊಂಡಳು. ರಜೆ ಮೇಲೆ ಬಂದವನು ಇಬ್ಬರು ಹುಡುಗಿಯರ ಮುಖ ನೋಡಿದ. ತಿರುಗಿ ಹೋದದ್ದು ಫೌಜಿನಿಂದ ಹೆಸರು ಕಟ್ ಮಾಡಿಸಿಕೊಂಡು ಬರುವುದಕ್ಕೆ ಮಾತ್ರ. ಇನ್ನು ಸ್ವಲ್ಪ ವರ್ಷ ಇದ್ದಿದ್ದರೆ ಪೆನ್ಶನ್ ಬರುತ್ತಿತ್ತು. ರಾಜೇಸಾಬನ ನೋವೇ ಅದು. ಅವನ ಪ್ರಕಾರ ಪಿಕ್ಚರಿನಲ್ಲಿ ಹೀರೋ ಕ್ಲೈಮ್ಯಾಕ್ಸಿಗೆ ಮೊದಲು ಮನೆಗೆ ಹೋಗುವುದಿಲ್ಲ.

ಹಳೆಯ ಬೋರ್ಡು ಬರೆದವನು ಚಾಳಿನ ಒಬ್ಬ ಮರಾಠಿ ಪೇಂಟರ್. ‘ಅಲ್ಲಾಬಕ್ಷ, ಮಾಜಿ ಸೈನಿಕ’ ಎಂದು ಬರೆದಿದ್ದ. ಮಾಜಿ ಎಂದರೆ ಮರಾಠಿಯಲ್ಲೂ ಕನ್ನಡದಲ್ಲೂ ಒಂದೇ: ಹಿಂದೆ ಇದ್ದವನು, ಈಗ ಇಲ್ಲದವನು. ಹಿಂದಿ ಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ಕಿರಿಯ ಮಗಳು ಮೈಮುನಾ ಮಾತ್ರ ಅದನ್ನು ‘ಮಾಂಜೀ’, ಅಂದರೆ ಅಮ್ಮ, ಎಂದು ಓದಿದಳು. ಅಬ್ಬಾ ರೊಟ್ಟಿ ಬಡಿಯುತ್ತಾನೆ, ಜಡೆ ಹಾಕುತ್ತಾನೆ, ಆದ್ದರಿಂದ ಅವನು ಅಮ್ಮ. ಪೇಂಟರನಿಗೂ ಅದು ಗೊತ್ತಾಗಿದೆ ಎಂದು ಖುಷಿಪಟ್ಟು ಖೋಲಿಗಳ ಮುಂದಿನ ಇಡೀ ಗ್ಯಾಲರಿಗೆ ಸಾರಿದಳು. ಅಂದಿನಿಂದ ಚಾಳಿಗೆ ಚಾಳೇ ಅವನನ್ನು ಮಾಂಜೀ ಎಂದಿತು. ನಳದ ಹತ್ತಿರ ಗಂಡಸರು, "ಏನ್ ಮಾಂಜೀ, ಇವತ್ತು ಸಾರು ಏನು?" ಎಂದು ಕೆಣಕುತ್ತಿದ್ದರು. ಅವನು ಕೊಡ ತುಂಬಿಸುತ್ತ, "ಹೌದಲೇ, ಫೌಜಿನ್ಯಾಗ ಮಾಜಿ, ಮನ್ಯಾಗ ಹಾಲಿ. ನಿಮ್ಮ ಹೆಂಡ್ರನ್ನ ಕೇಳ್ರಿ, ನೀವು ಮನ್ಯಾಗ ಏನದೀರಿ ಅಂತ," ಎನ್ನುತ್ತಿದ್ದ.

"ಚಾಚಾ, ಸ್ಕ್ರೂ ಹಾಕು," ಎಂದಳು ನಜಮುನ್ನೀಸಾ.

"ನಿನ್ನ ಛಲೋದಕ್ಕ ಹೇಳಾಕತ್ತೀನಿ. ಲಗ್ನ ಮುರೀತದ."

"ಮುರೀಲಿ. ಮತ್ತೊಬ್ಬರ ಅಪ್ಪನ್ನ ತೋರ್ಸಿ ನಾ ಲಗ್ನ ಆಗಂಗಿಲ್ಲ."

ರಾಜೇಸಾಬ ಸ್ಕ್ರೂ ತಿರುಗಿಸಿದ. ಹೊಸ ಬೋರ್ಡನ್ನು ಮಂಚದ ಕೆಳಗೆ, ಹೀರೋಯಿನ್ ತುಟಿ ನೆಲಕ್ಕೆ ತಾಗುವಂತೆ ಮಗುಚಿ ಇಟ್ಟ.

ಅಕ್ಬರಬಿ ಬಂದಳು. ಅಗಲ ಮೈ, ಮಾತು ಕಡಿಮೆ. ಹಿಂದೆ ಮುರ್ತುಜಾ, ಗ್ಯಾಲರಿಯ ಧೂಳನ್ನೆಲ್ಲ ಗುಡಿಸುವಷ್ಟು ಅಗಲದ ಬೆಲ್‌ಬಾಟಮ್ಮಿನಲ್ಲಿ. ಫಾತಿಹಾ ಓದಿ ಮುಲ್ಲಾ ಎದ್ದು ಹೋದ. ದಸ್ತರಖಾನ್ ಹಾಸಿ ಪಲಾವು, ಖೀರು ಇಟ್ಟರು. ಮೈಮುನಾ ನೀರಿನ ತಂಬಿಗೆ ತಂದಳು. ಪಕ್ಕದ ಖೋಲಿಯ ವಾರಿಜಾ ಸಾರಿನ ಪಾತ್ರೆ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ಉಡುಪಿ ಕಡೆಯವಳು, ಕುತೂಹಲವಿದ್ದಾಗ ಅವಳಿಗೆ ಕಾಲು ನೋವು ಇರುತ್ತಿರಲಿಲ್ಲ.

ಅಕ್ಬರಬಿ ತುತ್ತು ಎತ್ತುವ ಮೊದಲು ಕೇಳಿದಳು: "ರಾಜೇಸಾಬಣ್ಣಾ, ಆ ಟ್ಯಾಂಕಿನದು ಪೂರಾ ಹೇಳಲಿಲ್ಲ ನೀವು."

ರಾಜೇಸಾಬನಿಗೆ ತಡೆಯಲಾಗಲಿಲ್ಲ. "ರಾತ್ರಿ. ಸುತ್ತಲೂ ದುಶ್ಮನ್. ನಮ್ಮಣ್ಣ ಎದೀ ಮುಂದ ಮಾಡಿ ಏನಂದ? ‘ಈ ಮಣ್ಣು ನನ್ನ ತಾಯಿ...’"

"ಅಂದಿಲ್ಲ," ಎಂದಳು ನಜಮುನ್ನೀಸಾ.

ಪಿಕ್ಚರಿನಲ್ಲಾಗಿದ್ದರೆ ಆಗ ಗುಡುಗಬೇಕಿತ್ತು. ಇಲ್ಲಿ ಹಾರ್ಬರ್ ಲೈನಿನ ಲೋಕಲ್ ಒಂದು ಹಾರ್ನ್ ಹೊಡೆದು ಹೋಯಿತು.

"ನಮ್ಮ ಅಬ್ಬಾ ಟ್ಯಾಂಕ್ ಉಡಾಯ್ಸಿಲ್ಲ ಖಾಲಾ. ಲಾರಿ ಹೊಡೀತಿದ್ದ. ನಾವು ಸಣ್ಣವರಿದ್ವಿ ಅಂತ ಫೌಜ್ ಬಿಟ್ಟು ಬಂದ. ರೊಟ್ಟಿ ಮಾಡ್ದ, ಬಟ್ಟಿ ಒಗದ, ನಮ್ಮ ತಲ್ಯಾಗಿನ ಹೇನು ತಗದ. ನಾಕು ಮಂದಿ ನಗ್ತಿದ್ರು. ನಗಲಿ ಅಂತಿದ್ದ. ಬಾಗಿಲ ಮ್ಯಾಲೆ ಬರ್ದದ್ದು ಓದ್ರಿ. ಚಾಳಿನವರು ಅದನ್ನ ಮಾಂಜೀ ಅಂತ ಓದ್ತಾರ. ನಾವೂ ಹಂಗೇ ಓದ್ತೀವಿ."

ರಾಜೇಸಾಬ ಪಲಾವಿನಲ್ಲಿ ಇಲ್ಲದ ಎಲುಬನ್ನು ಹುಡುಕತೊಡಗಿದ.

"ಹೌದು ಮಾರಾಯ್ರೆ," ಎಂದಳು ವಾರಿಜಾ ಹೊಸ್ತಿಲಿಂದ. "ಈ ಹುಡುಗಿ ದೊಡ್ಡವಳಾದ ದಿನ ಇವಳಪ್ಪ ನನ್ನ ಬಾಗಿಲಲ್ಲಿ ಬಂದು ಅಟೆನ್ಷನ್ನಲ್ಲಿ ನಿಂತ್ರು. ಮುಖ ನೋಡ್ಲಿಕ್ಕೆ ನಾಚಿಕೆ ಅವರಿಗೆ. ‘ವಾರಿಜಾಬಾಯಿ, ನಮ್ಮ ಯೂನಿಟ್‌ನ್ಯಾಗ ಎಮರ್ಜೆನ್ಸಿ ಆಗ್ಯದ, ಟ್ರೇನಿಂಗ್ ಕೊಡ್ರಿ’ ಅಂದ್ರು. ನಾನು ಇವಳಿಗೆ ಹೇಳಿದೆ ಅಂತ ಎಣಿಸಿದ್ರಾ? ಮೊದ್ಲು ತಾವೇ ಕೂತು ಕೇಳಿದ್ರು. ಕಿರಿಯವಳ ಸರದಿ ಬಂದಾಗ ನನ್ನನ್ನ ಕರೀಲೇ ಇಲ್ಲ."

ಮೈಮುನಾ ದಡಕ್ಕನೆ ಒಳಗೆ ಓಡಿದಳು. ಮುರ್ತುಜಾ ಖೀರಿನ ಬಟ್ಟಲನ್ನೇ ನೋಡುತ್ತಿದ್ದ.

"ಇದು ನಿಮಗ ನಡ್ಯೂದಿಲ್ಲಂದ್ರ ನಡ್ಯೂದಿಲ್ಲ," ಎಂದಳು ನಜಮುನ್ನೀಸಾ. "ತಾರೀಖು ಹೇಳಬ್ಯಾಡ್ರಿ. ಆದ್ರ ಊಟ ಮಾಡ್ಕೊಂಡೇ ಹೋಗ್ರಿ. ಹಸ್ಕೊಂಡು ಯಾರನ್ನೂ ಕಳಸತಿರಲಿಲ್ಲ ನಮ್ಮ ಅಬ್ಬಾ."

ಅಕ್ಬರಬಿ ಪಲಾವು ಕಲಸಿದಳು, ತಿಂದಳು, ಇನ್ನಷ್ಟು ಹಾಕಿಸಿಕೊಂಡಳು. ಖೀರು ಮುಗಿಸಿ, ಬಟ್ಟಲು ಕೆಳಗಿಟ್ಟು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ನಮ್ಮ ಮನಿಯವರು ಸಾಯೂತನಕ ಮನ್ಯಾಗೇ ಇದ್ರು," ಎಂದಳು ಗೋಡೆಯ ಕಡೆ ನೋಡುತ್ತ. "ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಗೊತ್ತಿರಲಿಲ್ಲ."

ಆಮೇಲೆ ಮಗನ ಕಡೆ ತಿರುಗಿದಳು. "ಮುರ್ತುಜಾ, ಏಳು."

ಮುರ್ತುಜಾ ಎದ್ದ. ರಾಜೇಸಾಬನೂ ಎದ್ದು ಚಪ್ಪಲಿಗಳನ್ನು ಜೋಡಿಸಿ ಕೊಡಲು ಬಗ್ಗಿದ. ನಜಮುನ್ನೀಸಾ ಕದಲಲಿಲ್ಲ.

"ತಾಟು ತಗಿ," ಎಂದಳು ಅಕ್ಬರಬಿ. "ನಂದು, ನಿಂದು, ಎಲ್ಲಾರದೂ. ತೊಳಕೊಂಡು ಬಾ. ತಾರೀಖು ಆಮ್ಯಾಲೆ ಹೇಳ್ತೀನಿ."

"ಯಾ ಅಲ್ಲಾ, ಬೀಗರ ಕೈಲೆ ತಾಟು ತೊಳಸ್ತಾರೇನ್ರಿ?" ರಾಜೇಸಾಬನ ಕೈಯಿಂದ ಚಪ್ಪಲಿ ಜಾರಿತು.

"ನೀವು ಕುಂದರ್ರಿ ಅಣ್ಣಾ. ಟ್ಯಾಂಕ್ ಉಡಾಯ್ಸಿ ದಣದೀರಿ."

ಗ್ಯಾಲರಿಯ ತುದಿಯ ನಳಕ್ಕೆ ನೀರು ಬಂದ ಹೊತ್ತು. ಬಕೆಟುಗಳ ಸಾಲು, ಹೆಂಗಸರ ಸಾಲು. ಕೈತುಂಬ ಎಂಜಲು ತಾಟು ಹಿಡಿದು ಮದುಮಗನಂಥ ಹುಡುಗನೊಬ್ಬ ಬರುವುದನ್ನು ಕಂಡು ಮಾತುಗಳು ಒಂದೊಂದಾಗಿ ನಿಂತವು. ಅವನು ಬೆಲ್‌ಬಾಟಮ್ಮನ್ನು ಮೊಣಕಾಲಿನವರೆಗೆ ಮಡಚಿ ಕುಕ್ಕರುಗಾಲಲ್ಲಿ ಕೂತ. ತಿಕ್ಕಲು ಬೂದಿ ಯಾವ ಕಡೆ ಇದೆ ಎಂದು ಸುತ್ತ ನೋಡಿದ. ಹಿಂದೆ ಬಂದಿದ್ದ ವಾರಿಜಾ ತನ್ನ ಬಕೆಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಅವನು ಮೊದಲ ತಾಟನ್ನು ನಳದ ಕೆಳಗೆ ಹಿಡಿದ. ಮಡಚಿದ್ದ ಬೆಲ್‌ಬಾಟಮ್ಮಿನ ಒಂದು ಕಾಲು ಬಿಚ್ಚಿಕೊಂಡು, ಅಗಲವಾಗಿ ನೀರಿನಲ್ಲಿ ಹರಡಿತು.