ಉಡಿಯ ಅಕ್ಕಿ

"ಸೆರಗ ಒಡ್ಡಬೇ. ಕಂಬ ನಿಂತಂಗ ನಿಂತೀಯಲ್ಲ!" ಎಂದು ರಾಯವ್ವ ಗದರಿದಳು.

ಆಮ್ರಪಾಲಿ ಸೆರಗು ಒಡ್ಡಿದಳು. ಒಡ್ಡದೆ ಗತಿಯೂ ಇರಲಿಲ್ಲ. ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಮೇಲೊಂದು ಹಸಿರು ರವಿಕೆ ಖಣ ಇಟ್ಟ ತಾಟು ಹಿಡಿದು ಮುದುಕಿ ಎದುರಿಗೇ ನಿಂತಿದ್ದಳು. ಕೇರಿಯ ಹೆಂಗಸರು ಸುತ್ತ ನೆರೆದಿದ್ದರು. ಬಾಗಿಲ ಪಕ್ಕ, ನಾಲ್ಕು ಮನೆ ತಿರುಗಿ ಹುಡುಕಿ ತಂದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಆಮ್ರಪಾಲಿಯ ಕೆಲಸ ನೋಡಲು ಗೋಕಾಕದಿಂದ ಬಂದ ಸಮಿತಿಯವರಿಬ್ಬರು ಕುಳಿತಿದ್ದರು. ಲಕ್ಷ್ಮಣ ಸರ್ ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದಿದ್ದರೇ ಹೊರತು ಬಾಯಿಗೆ ಒಯ್ದಿರಲಿಲ್ಲ. ಶೈಲಾ ಮೇಡಂ ಮಾತ್ರ ಕುಡಿದು ಮುಗಿಸಿ, "ಚಾ ಭಾಳ ಚೊಲೋ ಆಗೇತಿ" ಎಂದಿದ್ದರು.

ಗಂಡ ಸತ್ತ ಮೇಲೆ ಆಮ್ರಪಾಲಿಯ ಉಡಿ ತುಂಬಿದವರು ಯಾರೂ ಇರಲಿಲ್ಲ. ಹತ್ತರಗಿಯ ತವರಿಗೆ ಹೋದರೆ ಅತ್ತಿಗೆ ಬಸ್‌ಸ್ಟ್ಯಾಂಡಿನವರೆಗೂ ಬಂದು ಕಳಿಸುತ್ತಿದ್ದಳು, ಆದರೆ ಬರಿ ಸೆರಗಿನಲ್ಲಿ. ಉಡಿ ತುಂಬಿಸಿಕೊಳ್ಳುವುದು ಮುತ್ತೈದೆಯರ ಪಾಲಿನದು ಎಂದು ಎಲ್ಲರಂತೆ ಅವಳೂ ಬಿಟ್ಟುಬಿಟ್ಟಿದ್ದಳು. ಮೂಡಲಗಿಯ ಆಚೆಯ ಈ ಕೇರಿಗೆ ಬರತೊಡಗಿದ ಮೊದಲ ವರ್ಷ, ತಾನೂ ಗಂಡನಿಲ್ಲದ ರಾಯವ್ವ ಒಂದು ದಿನ ಇದ್ದಕ್ಕಿದ್ದಂತೆ ತಾಟು ಹಿಡಿದು ಬಂದಾಗ ಆಮ್ರಪಾಲಿಗೆ ಸಿಟ್ಟೇ ಬಂದಿತ್ತು. "ನಾವು ಬೌದ್ಧರು. ಇಂಥಾವೆಲ್ಲಾ ಬಿಡಬೇಕು" ಎಂದಿದ್ದಳು. "ಬುದ್ಧಪ್ಪ ಬಂದು ನಿನ್ನ ಕಿವ್ಯಾಗ ಹೇಳ್ಯಾನೇನ, ಮಗಳನ್ನ ಬರಿ ಉಡಿಲೆ ಕಳಸ್ರಿ ಅಂತ?" ಎಂದು ಮುದುಕಿ ಕೇಳಿದ್ದಳು. ಅವತ್ತು ಉಡಿಯ ಅಕ್ಕಿಯನ್ನು ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಗೋಕಾಕದವರೆಗೂ ಅತ್ತವಳು, ಮುಂದೆ ಎಂದೂ ವಾದಿಸಲಿಲ್ಲ.

ಅವಳು ಗೋಕಾಕದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಕಲಿಸತೊಡಗಿ ಹನ್ನೊಂದು ವರ್ಷವಾಗಿದ್ದರೂ ಹಂಗಾಮಿ. ಬೇಸಿಗೆಯಲ್ಲಿ ಬಿಡಿಸುವುದು, ಮಳೆಗಾಲಕ್ಕೆ ಮತ್ತೆ ಕರೆಯುವುದು; ಕರೆದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಕಾಯಂ ಆಗುವ ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಅಂಥ ಹೊತ್ತಿನಲ್ಲೇ ಆಡಳಿತ ಮಂಡಳಿ ಹೊಸ ನಿಯಮ ತಂದಿತು: ಬರೀ ಪ್ರಬಂಧ ಬರೆದವರಲ್ಲ, ಜನರ ನಡುವೆ ಹೋಗಿ ಸೇವೆ ಮಾಡಿದವರನ್ನು ಮೊದಲು ಕಾಯಂ ಮಾಡಬೇಕು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವಳ ಕೈ ಕುಲುಕಿದ್ದರು. ನಿಯಮ ಇವಳನ್ನು ನೋಡಿಯೇ ಬರೆದಂತಿತ್ತು. ಆರು ವರ್ಷಗಳಿಂದ ಐತವಾರ ತಪ್ಪದೆ ಅವಳು ಈ ಕೇರಿಗೆ ಬರುತ್ತಿದ್ದಳು. ರಾಯವ್ವನ ಮಗಳು ಸುಮನ ಬೇರೆಯವರ ಹೊಲದಲ್ಲಿ ಕಳೆನಾಶಕವನ್ನು ಬರಿಗೈಯಲ್ಲಿ ಕಲಸಿ ಕಲಸಿ, ಅಂಗೈ ಚರ್ಮ ಸುಲಿದು ಆಸ್ಪತ್ರೆ ಸೇರಿದ್ದನ್ನು ಕೇಳಿ ಮೊದಲ ಸಲ ಬಂದವಳು. ಯಾವ ಡಬ್ಬಿಯಲ್ಲಿ ಏನಿದೆ, ಗಾಳಿ ಯಾವ ಕಡೆಗಿದ್ದರೆ ಹೊಡೆಯಬಾರದು, ಕೈಗವಸು ಕೊಡದ ಹೊಲಕ್ಕೆ ಯಾಕೆ ಹೋಗಬಾರದು ಎಂದು ಹೆಂಗಸರಿಗೆ ಕಲಿಸುತ್ತಾ ಇಲ್ಲಿಯವಳೇ ಆಗಿಬಿಟ್ಟಿದ್ದಳು.

ನಿಯಮಕ್ಕೆ ಒಂದು ಬಾಲವಿತ್ತು. ಸ್ವಂತ ಊರಿನಲ್ಲಿ, ನೆಂಟರಿಷ್ಟರಿಗೆ ಮಾಡಿದ್ದು ಸೇವೆ ಎನಿಸುವುದಿಲ್ಲ. ಯಾರೋ ಪ್ರಾಧ್ಯಾಪಕರು ತಮ್ಮ ದೊಡ್ಡಪ್ಪನ ಮನೆ ಮುಂದೆ ಗಟಾರು ಕಟ್ಟಿಸಿ ಅದನ್ನೂ ಸಮಾಜಸೇವೆ ಎಂದು ತೋರಿಸಿದ್ದರಂತೆ. ಓದಿದಾಗ ಆಮ್ರಪಾಲಿ ನಕ್ಕಿದ್ದಳು.

ಕೆಳಗಿಟ್ಟ ತಾಟಿನಿಂದ ರಾಯವ್ವ ಮೂರನೆಯ ಬೊಗಸೆ ಸುರಿಯುವಾಗ ಶೈಲಾ ಮೇಡಂ ಮೆಲ್ಲನೆ ಕೇಳಿದರು, "ಆಮ್ರಪಾಲಿಯವ್ರ, ಇದು ನಿಮ್ಮ ತವರುಮನೀ ಏನ್ರಿ?"

"ಅಲ್ರಿ ಮೇಡಂ. ನಂದು ಹುಕ್ಕೇರಿ ತಾಲೂಕು, ಹತ್ತರಗಿ."

"ಅಲ್ಲ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮಲ್ಲೂ ಈ ಪದ್ಧತಿ ಐತಿ. ಗಂಡ ಇಲ್ದಾಕಿಗೆ ಹೊರಗಿನವ್ರು ಉಡಿ ತುಂಬಂಗಿಲ್ಲ. ತುಂಬಿದ್ರ ಹಡದಾಕಿ ಒಬ್ಬಾಕಿನ ತುಂಬಬೇಕು. ಅದಕ್ಕ ಕೇಳಿದ್ನಿ."

ಅವಳು ಉತ್ತರ ಕೊಡುವಷ್ಟರಲ್ಲಿ ಹೆಂಗಸರೆಲ್ಲ ಒಟ್ಟಿಗೇ ಮುಂದೆ ಬಂದರು. "ಬರೋಬ್ಬರಿ ಹೇಳಿದ್ರಿ ನೋಡ್ರಿ! ಆಕಿ ನಮ್ಮ ಮನೀ ಮಗಳ್ರಿ!" "ರಾಯವ್ವನ ಹಿರೇ ಮಗಳಂತನ ತಿಳೀರಿ!" "ಸುಮನನಕಿಂತ ಈಕಿ ಮ್ಯಾಲ ಜೀವ ಜಾಸ್ತಿ ಮುದುಕಿದು!" ದೊಡ್ಡ ಸಾಹೇಬರ ಎದುರು ತಮ್ಮ ಟೀಚರನ್ನು ಎಷ್ಟು ಹೊಗಳಿದರೂ ಅವರಿಗೆ ಸಾಲದಾಗಿತ್ತು.

ಲಕ್ಷ್ಮಣ ಸರ್ ಕಪ್ಪನ್ನು ನೆಲಕ್ಕಿಟ್ಟರು. "ಹಿಂಗೈತಿ ವಿಷಯ" ಎಂದರು.

"ಸರ್, ಹಳ್ಯಾಗ ಎಲ್ಲಾರಿಗೂ ಹಂಗ ಅಂತಾರ್ರಿ. ನನಗ ಇಲ್ಲಿ ಸಂಬಂಧಿಕ್ರು ಯಾರೂ ಇಲ್ಲ."

"ಸಂಬಂಧಿಕ್ರು ಇಲ್ದಿದ್ರ ಬಿಡ್ರಿ. ಆದ್ರೂ ನಿಮ್ಮ ಜನಾ ಹೌದಲ್ರಿ? ನಿಮ್ಮ ಜನಕ್ಕ ನೀವು ಮಾಡಿದ್ರ ಅದು ಸೇವಾ ಹ್ಯಾಂಗ ಆಗ್ತೈತಿ? ಮನ್ಯಾಗ ಅಡಗಿ ಮಾಡಿ ಪಗಾರ ಕೇಳಿದಂಗ ಆತು."

ಆಮ್ರಪಾಲಿ ಬಿಡಲಿಲ್ಲ. "ಮತ್ತ ನಮ್ಮ ಸ್ಟಾಫಿನ ಸ್ವಪ್ನಿಲ್ ಸರ್ ತಮ್ಮ ಓಣ್ಯಾಗಿನ ದಾಸೋಹದಾಗ ಸಾರು ಬಡಿಸಿದ್ದು? ಅದಕ್ಕ ಹೋದ ವಾರ ನೀವ ಒಪ್ಪಿಗಿ ಕೊಟ್ರಿ."

"ಅದು ಸಾರ್ವಜನಿಕರೀ. ಅಲ್ಲಿ ಎಲ್ಲಾ ಮಂದಿ ಉಣ್ತಾರ."

"ಇಲ್ಲಿ ಬಂದು ಕಲೀಬ್ಯಾಡ್ರಿ ಅಂತ ನಾ ಯಾರಿಗೆ ಹೇಳೇನ್ರಿ? ಎಲ್ಲಾ ಮಂದಿ ಈ ಕೇರಿಗೆ ಬರೂದಿಲ್ಲ, ಅದೂ ನನ್ನ ತಪ್ಪ ಏನ್ರಿ?"

ಹೆಂಗಸರಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಹಿಂದೆ ಸರಿದರು. ಆಮ್ರಪಾಲಿ ಮಾತ್ರ ಸರಿಯುವಂತಿರಲಿಲ್ಲ. ಎರಡೂ ಕೈಗಳು ಅಕ್ಕಿ ತುಂಬಿದ ಸೆರಗಿನಲ್ಲಿ ಸಿಕ್ಕಿದ್ದವು. ಹಣೆಯ ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲು ಬರುತ್ತಿರಲಿಲ್ಲ.

ಶೈಲಾ ಮೇಡಂ ಎದ್ದು ಹತ್ತಿರ ಬಂದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಕೆಲಸ ನಾ ಕಣ್ಣಾರೆ ನೋಡೇನಿ. ಇವ್ರ ಮುಂದ ಒಂದ ಮಾತು ಹೇಳಿಬಿಡ್ರಿ, ಇವರು ನನಗ ಏನೂ ಆಗಬೇಕಿಲ್ಲ ಅಂತ. ಅವರೂ ಹೂಂ ಅಂದ್ರ ಸಾಕು. ಲಕ್ಷ್ಮಣ ಸರ್‌ಗೂ ಮಾತಿರಂಗಿಲ್ಲ. ಖರೇನ ಅಲ್ಲೇನ್ರಿ ಅದು?"

ಖರೆಯೇ ಆಗಿತ್ತು. ರಕ್ತದಿಂದಲೂ ಇಲ್ಲ, ಮದುವೆಯಿಂದಲೂ ಇಲ್ಲ, ಊರಿನಿಂದಲೂ ಇಲ್ಲ. ಸತ್ಯವನ್ನೇ ಹೇಳಲು ಹೇಳುತ್ತಿದ್ದರು. ಹನ್ನೊಂದು ವರ್ಷ ಕಾದದ್ದಕ್ಕೆ ಅಷ್ಟು ಸಣ್ಣ ಸತ್ಯ ಯಾವ ದೊಡ್ಡ ಬೆಲೆ? ಆಮ್ರಪಾಲಿ ಬಾಯಿ ತೆರೆದಳು. "ಇವರು..." ಎಂದಳು. ರಾಯವ್ವ ನಾಲ್ಕನೆಯ ಬೊಗಸೆಯನ್ನು ಹಿಡಿದುಕೊಂಡೇ ಅವಳ ಮುಖ ನೋಡುತ್ತಿದ್ದಳು.

ಮುದುಕಿ ದಡ್ಡಿಯಾಗಿರಲಿಲ್ಲ. ಬೊಗಸೆಯ ಅಕ್ಕಿಯನ್ನು ತಾಟಿಗೆ ಸುರಿದು ಸಮಿತಿಯವರ ಕಡೆ ತಿರುಗಿದಳು.

"ಯಾರ ಮಗಳ್ರಿ? ಈ ಹೆಂಗಸ್ರ ಮಾತು ಎಲ್ಲಿ ಕೇಳ್ತೀರಿ. ಬಾಯಿ ಐತಿ, ಅಂತಾವು. ಇವ್ರು ಬ್ಯಾರೇ ಊರವ್ರು. ಐತವಾರಕ್ಕೊಮ್ಮೆ ಬರ್ತಾರ, ಔಷಧದ ಸುದ್ದಿ ಹೇಳ್ತಾರ, ಹೋಗ್ತಾರ. ಇವ್ರ ಅಪ್ಪ ಯಾರು, ಅವ್ವ ಯಾರು, ನಮಗೇನ ಗೊತ್ತು?"

"ಮತ್ತ ಈ ಉಡಿ?" ಎಂದರು ಲಕ್ಷ್ಮಣ ಸರ್.

"ಉಡಿ ಯಾರು ತುಂಬ್ಯಾರ್ರಿ? ಈ ಸಲದ ಅಕ್ಕಿ ಚೊಲೋ ಬಂದಾವು, ನೋಡ್ರಿ ಅಂತ ತೋರಸಾಕ ಹತ್ತಿದ್ನಿ." ರಾಯವ್ವ ತಾಟನ್ನು ಆಮ್ರಪಾಲಿಯ ಸೆರಗಿನ ಕೆಳಗೆ ತಂದು ಹಿಡಿದಳು. "ಹಾಕ್ರಿ ಮೇಡಂ."

ಉಡಿಗೆ ಬಿದ್ದದ್ದನ್ನು ತಿರುಗಿ ತೆಗೆದದ್ದನ್ನು ಆ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಕೆಟ್ಟು ಹೋದ ಮಗಳಿಗೂ ಹಾಗೆ ಮಾಡಿದವರಿರಲಿಲ್ಲ. ಸುಮನ "ಯವ್ವಾ!" ಎಂದು ಮುಂದೆ ಬಂದಳು. "ಸುಮ್ಮನಿರ" ಎಂದಳು ರಾಯವ್ವ, ಅವಳ ಕಡೆ ನೋಡದೆ.

ತಾಟು ಹಾಗೇ ಕಾಯುತ್ತಿತ್ತು. ಮುದುಕಿ ಸೆರಗಿಗೆ ಕೈ ಹಾಕಲಿಲ್ಲ. ಬೇಕಾದರೆ ಆಮ್ರಪಾಲಿ ಸೆರಗನ್ನು ಗಂಟು ಬಿಗಿದು ಹೊರಗೆ ನಡೆಯಬಹುದಿತ್ತು. ಕೆಟ್ಟ ಮಾತೊಂದನ್ನು ಆಡಿ, ಇಬ್ಬರನ್ನೂ ಕಾರು ಹತ್ತಿಸಿ ಕಳಿಸಬಹುದಿತ್ತು. ಅವಳು ಸೆರಗನ್ನು ಓರೆ ಮಾಡಿದಳು. ಅಕ್ಕಿ ತಾಟಿಗೆ ಜಾರಿತು. ಅದರ ಹಿಂದೆ ಅರಿಷಿಣದ ಕೊಂಬೂ ಬಿತ್ತು.

"ಆತಲ್ರಿ ಸರ್?" ಎಂದರು ಶೈಲಾ ಮೇಡಂ, ನಿರಾಳವಾಗಿ. ಲಕ್ಷ್ಮಣ ಸರ್ ಎದ್ದು ಅಂಗಿ ಸರಿಮಾಡಿಕೊಂಡರು.

ಬಸ್ಸಿನವರೆಗೆ ಕಳಿಸಲು ಯಾವಾಗಲೂ ಬರುತ್ತಿದ್ದ ಹೆಂಗಸರು ಇಂದು ಮನೆಗಳ ಬಾಗಿಲಲ್ಲೇ ನಿಂತರು. ರಾಯವ್ವನೊಬ್ಬಳು ಕಾರಿನವರೆಗೆ ಬಂದಳು. ಸಮಿತಿಯವರಿಬ್ಬರಿಗೂ ಕೈ ಮುಗಿದಳು. ಆಮೇಲೆ ಅದೇ ರೀತಿ, ಅಷ್ಟೇ ಬಾಗಿ, ಆಮ್ರಪಾಲಿಗೂ ಮುಗಿದಳು.

"ಹೋಗಿ ಬರ್ರಿ ಮೇಡಂ."

ಕಾರಿನಲ್ಲಿ ಅವಳಿಗೆ ಹಿಂದಿನ ಸೀಟಿನ ನಡುವೆ ಜಾಗ ಸಿಕ್ಕಿತು. ಎಡಕ್ಕೆ ಶೈಲಾ ಮೇಡಂ, ಬಲಕ್ಕೆ ಲಕ್ಷ್ಮಣ ಸರ್. ಮೂಡಲಗಿ ದಾಟುತ್ತಲೇ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ಹಿಂದೆ ಎರಡು ಟ್ರೇಲರ್, ರಸ್ತೆಯ ತುಂಬ ಕಬ್ಬು. ಡ್ರೈವರ್ ಹಾರ್ನ್ ಬಾರಿಸಿದ, ಬಯ್ದ, ಕೊನೆಗೆ ನಿಧಾನಕ್ಕೆ ಅದರ ಹಿಂದೆಯೇ ಸಾಗಿದ.

"ಇನ್ನ ನೀವು ಕಾಯಂ ಅಂತನ ತಿಳೀರಿ" ಎಂದರು ಶೈಲಾ ಮೇಡಂ.

"ಆದ್ರ ಒಂದು" ಎಂದರು ಲಕ್ಷ್ಮಣ ಸರ್. "ಆದೇಶ ಬಂದ ಮ್ಯಾಲೂ ಮೂರು ವರ್ಷ ತಪಾಸಣಿ ಇರ್ತೈತಿ. ಆ ಕೇರಿಗೆ ಹೋಗೂದು ಬಿಡಬ್ಯಾಡ್ರಿ, ಬಿಟ್ರ ಸೇವಾ ನಿಂತಂಗ. ಹೋಗ್ರಿ, ಹೇಳ್ರಿ, ಬರ್ರಿ. ಉಣ್ಣೂದು, ತಿನ್ನೂದು, ಈ ಮಗಳು ಗಿಗಳು ಮಾತ್ರ ಬ್ಯಾಡ."

"ಹೂಂ" ಎಂದಳು ಆಮ್ರಪಾಲಿ.

ಟ್ರ್ಯಾಕ್ಟರ್ ತೆವಳುತ್ತಿತ್ತು. ಜೋತುಬಿದ್ದ ಕಬ್ಬಿನ ರವದಿಯ ಒಣ ಗರಿಗಳು ರಸ್ತೆಗೆ ಉಜ್ಜಿ ಉಜ್ಜಿ ಸದ್ದು ಮಾಡುತ್ತಿದ್ದವು.

"ಆರಾಮ ಕುಂದರ್ರಿ" ಎಂದು ಶೈಲಾ ಮೇಡಂ ಬದಿಗೆ ಸರಿದು ಜಾಗ ಕೊಟ್ಟರು. "ಕೈ ನೊಂದಾವೇನು? ಯಾಕ ಹಂಗ ಹಿಡ್ಕೊಂಡೀರಿ?"

ಆಮ್ರಪಾಲಿ ಕೆಳಗೆ ನೋಡಿದಳು. ಸೆರಗಿನ ಎರಡೂ ತುದಿಗಳನ್ನು ಅವಳು ಇನ್ನೂ ಮೇಲೆತ್ತಿ ಹಿಡಿದಿದ್ದಳು.